ಮುಂಗೈಯ ಮೇಲಿನ ಕಿರುಚಿತ್ರ

ಚಿತ್ರಕಾರನ ಕುಂಚವೂ ವರ್ತಕನ ತಕ್ಕಡಿಯೂ ಒಂದೆಡೆ ಕೂಡಿದಾಗ ಎರಡನ್ನೂ ಬೇರೆಬೇರೆಯಾಗಿ ಪರಾಮರ್ಶಿಸುವುದು ವಿಮರ್ಶಕನ ಕರ್ತವ್ಯ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಟೈಟನ್ ಸಂಸ್ಥೆಯು 2025ರಲ್ಲಿ ಹೊರತಂದ ‘ಜಲ್ಸಾ’ ಎಂಬ ಕೈಗಡಿಯಾರವು ಅಂಥ ಸಂದರ್ಭವನ್ನು ಒದಗಿಸಿದೆ. ಪದ್ಮಶ್ರೀ ಪುರಸ್ಕೃತ ಕಿರುಚಿತ್ರ ಕಲಾವಿದ, ಜೈಪುರದ ಶಾಕಿರ್ ಅಲಿಯವರು ಅದರ ಅಮೃತಶಿಲೆಯ ಮುಖಫಲಕದ ಮೇಲೆ 1799ರಲ್ಲಿ ಕಟ್ಟಲ್ಪಟ್ಟ ಹವಾ ಮಹಲನ್ನು ಚಿತ್ರಿಸಿದ್ದಾರೆ. ತಯಾರಾದುದು ಹತ್ತೇ ಗಡಿಯಾರಗಳು. ಒಂದರ ಬೆಲೆ 40,50,000 ರೂಪಾಯಿ.

ಮೊದಲು ಗುಣವನ್ನು ಹೇಳಬೇಕು. ಕಿರುಚಿತ್ರವು ಗೋಡೆಗಾಗಿ ಹುಟ್ಟಿದ ಕಲೆಯಲ್ಲ. ಕೈಯಲ್ಲಿ ಹಿಡಿದು, ಕಣ್ಣಿನ ಸಮೀಪಕ್ಕೆ ತಂದು ನೋಡತಕ್ಕದ್ದು. ಮೂಡಬಿದಿರೆಯಲ್ಲಿ ರಕ್ಷಿತವಾದ 12ನೆಯ ಶತಮಾನದ ಧವಲಾ ಗ್ರಂಥದ ಚಿತ್ರಗಳೂ ತಾಳೆಗರಿಯ ಕಿರಿಯಗಲದಲ್ಲಿಯೇ ಅರಳಿದವು. ಆದುದರಿಂದ ಮುಂಗೈಗೆ ಬಂದ ಮಾತ್ರಕ್ಕೆ ಈ ಕಲೆಯು ತನ್ನ ಅಳತೆಯನ್ನು ಕಳೆದುಕೊಂಡಿಲ್ಲ. ಅದಕ್ಕೂ ಮಿಗಿಲಾದುದೆಂದರೆ, ಆ ಗರಿಗಳ ಚಿತ್ರಕಾರರ ಹೆಸರು ನಮಗೆ ಉಳಿದುಬಂದಿಲ್ಲ. ಇಲ್ಲಿಯಾದರೋ ಸಂಸ್ಥೆಯು ಕಲಾವಿದನ ಹೆಸರನ್ನು ತನ್ನ ಹೆಸರಿನೊಡನೆಯೇ ಸಾರಿದೆ. ಇದು ನ್ಯಾಯ.

ಇನ್ನು ಬೆಲೆಯ ವಿಚಾರ. ಈ ಗಡಿಯಾರದೊಳಗೆ ಟೂರ್ಬಿಲಾನ್ ಎಂಬ ತಿರುಗುವ ರಚನೆಯಿದೆ. ಗುರುತ್ವಾಕರ್ಷಣೆಯಿಂದ ಗಡಿಯಾರದ ನಡೆಯಲ್ಲಿ ಬರುವ ವ್ಯತ್ಯಾಸವನ್ನು ತಗ್ಗಿಸಲು ಅಬ್ರಹಾಂ ಲೂಯಿ ಬ್ರೆಗೆ 1801ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಅದು ಜೇಬುಗಡಿಯಾರದ ಕಾಲ. ಸದಾ ಅಲುಗಾಡುವ ಮುಂಗೈಯಲ್ಲಿ ಅದರ ಅಗತ್ಯ ಕಡಿಮೆ. ನಿಖರತೆಯಲ್ಲಿ ಸಾವಿರ ರೂಪಾಯಿಯ ಕ್ವಾರ್ಟ್ಜ್ ಗಡಿಯಾರವೇ ಮೇಲು. ಒಂದು ಜಲ್ಸಾದ ಬೆಲೆಗೆ ಅಂಥವು 4,050 ದೊರೆಯುತ್ತವೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಹಿಡಿಯುವವನಿಗೆ ಅದೇ ಸಾಕು.

ಹಾಗಾದರೆ ಈ ಹಣವು ಸಮಯಕ್ಕಾಗಿ ಅಲ್ಲ. ಚಿನ್ನ, ಯಂತ್ರಕೌಶಲ, ಕುಂಚ ಮತ್ತು ವಿರಳತೆಗಾಗಿ. ಮೊದಲ ಮೂರಕ್ಕೆ ತಕ್ಕ ಮೌಲ್ಯ ಸಲ್ಲಲೇಬೇಕು. ಕೈಚಿತ್ರಗಳು ಸಾವಿರಗಟ್ಟಲೆ ಆಗಲಾರವೆಂಬುದೂ ದಿಟ. ಆದರೆ ಕೊಳ್ಳುವವನ ಸಂತೋಷವು ‘ನನ್ನಲ್ಲಿದೆ’ ಎಂಬುದಕ್ಕಿಂತ ‘ಇತರರಲ್ಲಿಲ್ಲ’ ಎಂಬುದರಲ್ಲಿ ನೆಲೆಗೊಂಡರೆ ಅಲ್ಲಿ ಕಲೆ ನೆಪವಾಗುತ್ತದೆ. ವಸ್ತುವಿಗಿಂತ ಅದರ ಮೇಲಣ ಮೂರ್ಛೆಯೇ ಪರಿಗ್ರಹವೆಂದು ನಮ್ಮ ಆಚಾರ್ಯರು ತಿಳಿಸಿದ್ದು ಇದನ್ನೇ ಅಲ್ಲವೇ? ಸೇಡಂ, ಚಿತ್ತಾಪುರ, ಚಿಂಚೋಳಿಯ ಸೀಮೆಯವರಾದ ನಾವು ಕಲ್ಲಿನ ಬೆಲೆಯನ್ನು ಬಲ್ಲೆವು. ಶಹಾಬಾದಿನ ಕಲ್ಲನ್ನು ಸಾಮಾನ್ಯರ ಮನೆಗಳಲ್ಲಿಯೂ ಹಾಸಿದ್ದಾರೆ. ಎಲ್ಲರಿಗೂ ಒದಗಿತೆಂದು ಅದರ ಯೋಗ್ಯತೆ ಕುಂದಲಿಲ್ಲ.

ಇದಕ್ಕೆ ಪರಿಹಾರವನ್ನು ಆ ಧವಲಾ ಗ್ರಂಥದ ಇತಿಹಾಸವೇ ಸೂಚಿಸುತ್ತದೆ. ಬಹುಕಾಲ ಅದು ದರ್ಶನಕ್ಕೆ ಮಾತ್ರ ಮೀಸಲಾಗಿತ್ತು. 1939ರಿಂದ 1959ರವರೆಗೆ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 16 ಸಂಪುಟಗಳು ಅಚ್ಚಾಗಿ ಓದುಗರ ಕೈಸೇರಿದವು. ಅದರಿಂದ ಮೂಲಪ್ರತಿಯ ಗೌರವ ಹೆಚ್ಚಿತೇ ಹೊರತು ತಗ್ಗಲಿಲ್ಲ. ಅಂತೆಯೇ, ಇಂಥ ಪ್ರತಿಯೊಂದು ಸಹಯೋಗದಲ್ಲಿಯೂ ಒಂದು ಗಡಿಯಾರವು ಸಾರ್ವಜನಿಕ ವಸ್ತುಸಂಗ್ರಹಾಲಯದಲ್ಲಿ, ಭೂತಗನ್ನಡಿಯ ಕೆಳಗೆ, ಶಾಲಾಬಾಲಕನಿಗೂ ಕಾಣುವಂತಿರಲಿ. ಕಲಾವಿದನಿಗೆ ಸಂದ ಪಾಲೂ ಲೆಕ್ಕದಲ್ಲಿ ಪ್ರತ್ಯೇಕವಾಗಿ ತೋರಲಿ.

ಶಾಕಿರ್ ಅಲಿಯವರ ಕೆಲಸವು ಶ್ಲಾಘ್ಯ. ಅದು ಹತ್ತು ಮುಂಗೈಗಳ ಅಂಗಿತೋಳಿನೊಳಗೆ ಮರೆಯಾಗಿ ಹೋದರೆ ನಷ್ಟವು ಕೊಳ್ಳಲಾರದ ನಮಗಿಂತ ಕಲೆಗೇ ಹೆಚ್ಚು.