ವಿಳಾಸ ಬದಲಿಸಿದ ಪುಟಗಳು

ಜಾಲತಾಣ ಸಾಕುವ ಹವ್ಯಾಸದಲ್ಲಿ ನನಗೆ ಅತಿ ಪ್ರಿಯವಾದ ಕೆಲಸ ರೀಡೈರೆಕ್ಟ್ ಹಾಕುವುದು. ಬಣ್ಣ, ಅಕ್ಷರ, ಚಿತ್ರಗಳ ಜೋಡಣೆ ಎಲ್ಲರ ಕಣ್ಣಿಗೆ ಬೀಳುತ್ತವೆ, ಹೊಗಳಿಕೆಯೂ ಸಿಗುತ್ತದೆ. ರೀಡೈರೆಕ್ಟ್ ಸರಿಯಾಗಿದ್ದರೆ ಯಾರಿಗೂ ಕಾಣುವುದೇ ಇಲ್ಲ. ಹಳೆಯ ವಿಳಾಸ ಒತ್ತಿದವರು ಹೊಸ ಪುಟದಲ್ಲಿ ಇಳಿದಿರುತ್ತಾರೆ, ನಡುವೆ ಏನಾಯಿತೆಂದು ತಿಳಿಯದು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಬಟ್ಟೆ ಅಂಗಡಿ ಲಿಂಗಸುಗೂರು ರಸ್ತೆಗೆ ಹೋದರೆ ಹಳೆಯ ಶಟರಿನ ಮೇಲೆ ಫಲಕ ತೂಗುಹಾಕುತ್ತಾರಲ್ಲ, ಅದೇ ಇದು. ಆದರೆ ಈ ಫಲಕವನ್ನು ಗಿರಾಕಿಗಿಂತ ಶ್ರದ್ಧೆಯಿಂದ ಓದುವವರು ಸರ್ಚ್ ಎಂಜಿನ್‌ಗಳು. ಫಲಕದಲ್ಲಿ ಏನು ಬರೆದಿದ್ದೀರಿ ಎಂಬುದರ ಮೇಲೆ ಹೊಸ ಪುಟ ಹುಡುಕಾಟದಲ್ಲಿ ಎಷ್ಟನೆಯದಾಗಿ ಬರಬೇಕು, ಬರಬೇಕೋ ಬೇಡವೋ ಎಂಬುದೆಲ್ಲ ನಿಂತಿರುತ್ತದೆ.

ಬರೆಯುವುದು ಮೂರಂಕಿಯ ಒಂದು ಸಂಖ್ಯೆ, ಜೊತೆಗೆ ಹೊಸ ವಿಳಾಸ. 301 ಎಂದರೆ ಪುಟ ಶಾಶ್ವತವಾಗಿ ಹೋಗಿದೆ, 302 ಎಂದರೆ ಸದ್ಯಕ್ಕೆ ಅಲ್ಲಿದೆ, ವಾಪಸು ಬರುತ್ತದೆ. 307, 308 ಇವೆರಡರ ತಮ್ಮಂದಿರು. ಓದುಗರಿಗೆ 301 ಆದರೂ ಒಂದೇ, 302 ಆದರೂ ಒಂದೇ. ಗೂಗಲ್‌ಗೆ ಹಾಗಲ್ಲ. 301 ಕಂಡರೆ ಹೊಸ ವಿಳಾಸವನ್ನೇ ಅಸಲಿ ಎಂದು ಬರೆದುಕೊಳ್ಳುತ್ತದೆ. 302 ಕಂಡರೆ ಹಳೆಯದನ್ನೇ ಪಟ್ಟಿಯಲ್ಲಿ ಉಳಿಸಿಕೊಂಡು ಕಾಯುತ್ತದೆ. ತಿಂಗಳುಗಟ್ಟಲೆ 302 ಹಾಗೇ ಇದ್ದರೆ ಕೊನೆಗೊಮ್ಮೆ ಶಾಶ್ವತವೆಂದೇ ತಿಳಿಯಬಹುದು, ಆದರೆ ಆ ಕಾಯುವ ಕಾಲವನ್ನು ನಿಮ್ಮ ಪುಟ ಯಾಕೆ ಸವೆಸಬೇಕು? ಹೋಸ್ಟಿಂಗ್ ಕಂಪನಿಗಳ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎರಡೂ ಆಯ್ಕೆ ಪಕ್ಕಪಕ್ಕದಲ್ಲೇ ಇರುತ್ತವೆ. ಒಂದು ಕ್ಷಣ ನಿಂತು ಓದಿ ಒತ್ತಿ.

ಶ್ರೇಯಾಂಕದ ಮಾತು ಬಂದಾಗಲೆಲ್ಲ ಶೇ 15ರ ಹಳೆಯ ಅಂಜಿಕೆ ಏಳುತ್ತದೆ. ರೀಡೈರೆಕ್ಟ್ ಹಾಕಿದರೆ ಪುಟದ ತೂಕದಲ್ಲಿ ನೂರಕ್ಕೆ ಹದಿನೈದು ಸೋರಿಹೋಗುತ್ತದೆ ಎನ್ನುವವರು ಈಗಲೂ ಇದ್ದಾರೆ. ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬರೆದ ಪ್ರಬಂಧದಲ್ಲಿ ಒಂದು ಪುಟದ ಯೋಗ್ಯತೆಯನ್ನು ಅದಕ್ಕೆ ಬಂದಿರುವ ಕೊಂಡಿಗಳಿಂದ ಅಳೆದರು, ಆ ಅಳತೆಯ ಹೆಸರು ಪೇಜ್‌ರ್‍ಯಾಂಕ್. ಆ ಲೆಕ್ಕದಲ್ಲಿ 0.85 ಎಂಬ ಗುಣಕವಿತ್ತು, ಉಳಿದ 0.15 ಜನರ ಬಾಯಲ್ಲಿ ನಿಂತುಬಿಟ್ಟಿತು. ಗೂಗಲ್‌ನಲ್ಲಿದ್ದ ಮ್ಯಾಟ್ ಕಟ್ಸ್ 2013ರಲ್ಲಿ ಇದಕ್ಕೆ ಉತ್ತರ ಕೊಟ್ಟರು: 301ರಲ್ಲಿ ಆಗುವ ನಷ್ಟ ಸಾಮಾನ್ಯ ಕೊಂಡಿಯೊಂದರಲ್ಲಿ ಆಗುವಷ್ಟೇ. 2016ರಲ್ಲಿ ಅದೇ ಕಂಪನಿಯ ಗ್ಯಾರಿ ಇಲ್ಯಶ್ ಇನ್ನೂ ಮುಂದೆ ಹೋಗಿ, ಮೂರರಿಂದ ಶುರುವಾಗುವ ಯಾವ ರೀಡೈರೆಕ್ಟಿನಿಂದಲೂ ಪೇಜ್‌ರ್‍ಯಾಂಕ್ ಕಳೆದುಹೋಗುವುದಿಲ್ಲ ಎಂದರು. ಹಾಗಾಗಿ ಅಂಜಬೇಕಾದದ್ದು ರೀಡೈರೆಕ್ಟ್ ಹಾಕುವುದಕ್ಕಲ್ಲ, ಹಾಕದೆ ಬಿಡುವುದಕ್ಕೆ. ಹಳೆಯ ವಿಳಾಸ 404, ಅಂದರೆ ಪುಟ ಸಿಗಲಿಲ್ಲ, ಎಂದು ಕೈಚೆಲ್ಲಿದರೆ ಅದಕ್ಕೆ ಬಂದಿದ್ದ ಕೊಂಡಿಗಳಲ್ಲಿ ಒಂದರ ತೂಕವೂ ಹೊಸ ಪುಟಕ್ಕೆ ದಾಟುವುದಿಲ್ಲ.

ನಮ್ಮ ಭಾಗದಲ್ಲಿ ವಿಳಾಸ ಬದಲಾಗುವುದು ಅಪರೂಪದ ಸಂಗತಿಯಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ರಾಯಚೂರು ಆ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಸುತ್ತಲಿನ ಗುಲ್ಬರ್ಗ, ಬಳ್ಳಾರಿ, ಬಿಜಾಪುರ ಮೂರೂ ಇದ್ದವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. 2021ರಲ್ಲಿ ಈಶಾನ್ಯ ಸಾರಿಗೆಯ ಬಸ್ಸುಗಳ ಮೇಲೂ ಕಲ್ಯಾಣದ ಹೆಸರು ಬಂತು. ಗುಲಬರ್ಗಾ ವಿಶ್ವವಿದ್ಯಾಲಯದ ಅಡಿಯಲ್ಲಿದ್ದ ಇಲ್ಲಿನ ಕಾಲೇಜುಗಳು ರಾಯಚೂರು ವಿಶ್ವವಿದ್ಯಾಲಯಕ್ಕೆ ಸೇರಿದವು, ಆ ವಿಶ್ವವಿದ್ಯಾಲಯಕ್ಕೂ ಈಗ ಮಹರ್ಷಿ ವಾಲ್ಮೀಕಿಯವರ ಹೆಸರಾಗಿದೆ. ಇವೆಲ್ಲದರ ಜೊತೆಗೆ ರಾಜ್ಯ ಸರ್ಕಾರದ ಇಲಾಖೆಗಳ ತಾಣಗಳು ‘ಕೆಎಆರ್ ಡಾಟ್ ಎನ್‌ಐಸಿ ಡಾಟ್ ಇನ್’ ಬಾಲ ಕಳಚಿ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಬಾಲ ಹಚ್ಚಿಕೊಂಡವು. ಒಂದೊಂದು ಬದಲಾವಣೆಗೂ ಕಾರಣವಿದೆ, ಜನ ಅವನ್ನು ಬಯಸಿದ್ದೂ ಉಂಟು. ಆದರೆ ಹೆಸರು ಬದಲಾದ ಮರುದಿನವೇ ಜನರ ನಾಲಿಗೆ ಬದಲಾಗುವುದಿಲ್ಲ. ಬಸ್ಸಿನ ವೇಳೆ ಹುಡುಕುವವರು ವರ್ಷಗಳ ಕಾಲ ಹಳೆಯ ಹೆಸರನ್ನೇ ಟೈಪ್ ಮಾಡುತ್ತಾರೆ. ಹಳೆಯ ವಿಳಾಸದಲ್ಲಿ 301 ನಿಂತಿದ್ದರೆ ಆ ಹೆಸರಿನ ಕೊಂಡಿಗಳೂ ಹೊಸ ಪುಟದ ಬೆನ್ನಿಗೆ ನಿಲ್ಲುತ್ತವೆ.

ಇಂಗ್ಲಿಷಿನ ಪುಟಗಳಿಗಿಂತ ಕನ್ನಡದ ಪುಟಗಳಿಗೆ ಇದು ಹೆಚ್ಚು ಮುಖ್ಯವೆಂದು ನಾನು ಹಟ ಹಿಡಿದು ಹೇಳುತ್ತೇನೆ. ಹತ್ತಿಯ ಬಗೆಗಿನ ಒಳ್ಳೆಯ ಇಂಗ್ಲಿಷ್ ಪುಟಕ್ಕೆ ಜಗತ್ತಿನ ನೂರು ಕಡೆಯಿಂದ ಕೊಂಡಿ ಬಂದಿರುತ್ತದೆ, ಹತ್ತು ಮುರಿದರೂ ತೊಂಬತ್ತು ಉಳಿಯುತ್ತವೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರ ಕುರಿತು ಯಾರೋ ಶ್ರಮಪಟ್ಟು ಬರೆದ ಕನ್ನಡ ಪುಟಕ್ಕೆ ಒಬ್ಬ ಮೇಷ್ಟ್ರ ಬರಹದಿಂದ ಒಂದು, ಒಂದು ಕಾಲೇಜಿನ ತಾಣದಿಂದ ಇನ್ನೊಂದು ಕೊಂಡಿ ಬಂದಿದ್ದರೆ ದೊಡ್ಡದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿದ್ದು ಓದುಗರನ್ನು ತರುತ್ತದೆ, ಶ್ರೇಯಾಂಕದ ಲೆಕ್ಕಕ್ಕೆ ಬರುವುದಿಲ್ಲ. ಆ ಎರಡು ಕೊಂಡಿಗಳೇ ಪುಟದ ಆಸ್ತಿ. ತಾಣ ಹೊಸದಾಗಿ ಕಟ್ಟುವಾಗ ವಿಳಾಸ ಬದಲಿಸಿ ರೀಡೈರೆಕ್ಟ್ ಮರೆತರೆ ಅದು ಪೂರ್ತಿ ಬರಿಗೈಯಾಗುತ್ತದೆ. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಿರಲಿಲ್ಲ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿತು. ಅವುಗಳಲ್ಲಿ ನಿಜವಾಗಿ ಅಳಿದವೆಷ್ಟು, ಮನೆ ಬದಲಿಸಿ ಫಲಕ ಹಾಕದವೆಷ್ಟು ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಫಲಕ ಹಾಕುವ ಬಗೆಯ ಕುರಿತು ಮಾನ್ವಿಯ ಓದುಗರೊಬ್ಬರು ಕೇಳಿದ್ದಾರೆ: “ಸರ್, ಹಳೇ ಲಿಂಕ್ ಎಲ್ಲಾ ಹೋಂ ಪೇಜಿಗೇ ತಿರುಗಿಸಿಬಿಟ್ರ ನಡೀತದೇನ್ರಿ?” ನಡೆಯುವುದಿಲ್ಲ. ಅವರ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರದ 32 ಸಂಧಿಗಳನ್ನು ಅರ್ಥಸಹಿತ 32 ಪುಟಗಳಾಗಿ ಒಂದು ತಾಣದಲ್ಲಿ ಹಾಕಿದ್ದೀರಿ ಎನ್ನಿ. ತಾಣ ಹೊಸ ಡೊಮೈನಿಗೆ ಹೋಗುತ್ತದೆ. 32 ಹಳೆಯ ವಿಳಾಸಗಳನ್ನೂ ಒಂದೇ ಸಾಲಿನಲ್ಲಿ ಮುಖಪುಟಕ್ಕೆ ತಿರುಗಿಸುವುದು ಸುಲಭ, ಅರ್ಧ ನಿಮಿಷದ ಕೆಲಸ. ಕರುಣಾ ಸಂಧಿ ಹುಡುಕಿ ಬಂದವರು ಮುಖಪುಟದಲ್ಲಿ ನಿಂತು ಅತ್ತಿತ್ತ ನೋಡಿ ಹೊರಟುಹೋಗುತ್ತಾರೆ. ಗೂಗಲ್ ಇಂಥದ್ದನ್ನು ‘ಸಾಫ್ಟ್ 404’ ಎಂದು ಗುರುತಿಸುತ್ತದೆ. ನೀವು 301 ಎಂದು ಬರೆದಿದ್ದರೂ ಪುಟ ಇಲ್ಲವೆಂದೇ ತೀರ್ಮಾನಿಸಿ ಕೊಂಡಿಗಳ ತೂಕವನ್ನು ಕೈಬಿಡುತ್ತದೆ. ಕರುಣಾ ಸಂಧಿಯ ಹಳೆಯ ಪುಟ ಕರುಣಾ ಸಂಧಿಯ ಹೊಸ ಪುಟಕ್ಕೇ ಹೋಗಬೇಕು. ಎಕ್ಸೆಲ್ ಹಾಳೆಯಲ್ಲಿ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಬರೆದುಕೊಳ್ಳಿ. ಒಂದು ಸಂಜೆ ಸಾಕು, ಅದರಷ್ಟು ಸಮಾಧಾನ ಕೊಡುವ ಸಂಜೆ ಇನ್ನೊಂದಿಲ್ಲ. ಬಲಗಡೆ ಬರೆಯಲು ಏನೂ ಇಲ್ಲದ ಪುಟಗಳಿದ್ದರೆ, ಮುಗಿದುಹೋದ ಟೆಂಡರಿನ ಪ್ರಕಟಣೆ ಇತ್ಯಾದಿ, ಅವಕ್ಕೆ 410 ಕೊಡಿ. ಪುಟ ತೆಗೆದಿದ್ದೇವೆ, ಮತ್ತೆ ಬರುವುದಿಲ್ಲ ಎಂದು ಅದರ ಅರ್ಥ. ಸುಳ್ಳು ದಾರಿ ತೋರಿಸುವುದಕ್ಕಿಂತ ಅದು ಮೇಲು.

ಇನ್ನು ದೇವದುರ್ಗ. ಈ ಹೆಸರಿನ ಮೇಲೆ ನನಗೆ ವಿಶೇಷ ಪ್ರೀತಿ, ಕಾರಣ ತಾಂತ್ರಿಕವಾದದ್ದು. ವಿಳಾಸದಲ್ಲಿ ಕನ್ನಡ ಬಳಸಬಹುದು, ಬಳಸಬೇಕು ಎಂದೇ ನನ್ನ ಪಕ್ಷ. ಆದರೆ ಒಳಗೆ ಏನಾಗುತ್ತದೆ ಎಂದು ತಿಳಿದಿರಬೇಕು. ಯೂನಿಕೋಡ್‌ನಲ್ಲಿ ‘ರಾಯಚೂರು’ ಏಳು ಸಂಕೇತ. ಒಂದೊಂದು ಕನ್ನಡ ಸಂಕೇತವೂ ಮೂರು ಬೈಟ್, ಒಂದೊಂದು ಬೈಟೂ ವಿಳಾಸದಲ್ಲಿ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಒಟ್ಟು 63 ಅಕ್ಷರ. ಕೊಂಡಿಯನ್ನು ನಕಲು ಮಾಡಿ ಅಂಟಿಸಿದಾಗ ಕಾಣುವ ಆ ಉದ್ದನೆಯ ಬಾಲ ಇದೇ. ‘ದೇವದುರ್ಗ’ ಎಂಟು ಸಂಕೇತ, 72 ಅಕ್ಷರ. ಆದರೆ ‘ದೇ’ಯ ಏತ್ವವನ್ನು ಯೂನಿಕೋಡ್ ಎರಡು ರೀತಿಯಲ್ಲಿ ಒಪ್ಪುತ್ತದೆ: ದೀರ್ಘ ಏತ್ವದ ಒಂದೇ ಸಂಕೇತವಾಗಿ, ಇಲ್ಲವೇ ಹ್ರಸ್ವ ಎತ್ವದ ಮುಂದೆ ದೀರ್ಘದ ಚಿಹ್ನೆ ಸೇರಿಸಿ ಎರಡು ಸಂಕೇತವಾಗಿ. ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎರಡನೆಯದು ಒಂಬತ್ತು ಸಂಕೇತ, 81 ಅಕ್ಷರ. ಬೈಟು ಬೈಟನ್ನೇ ಹೋಲಿಸಿ ನೋಡುವ ಸರ್ವರಿಗೆ ಇವು ಎರಡು ಬೇರೆ ಬೇರೆ ವಿಳಾಸ. ಹಳೆಯ ಮ್ಯಾಕ್ ಕಂಪ್ಯೂಟರುಗಳು ಕಡತದ ಹೆಸರನ್ನು ಬಿಡಿಸಿದ ರೂಪದಲ್ಲೇ ಇಡುತ್ತಿದ್ದವು. ಅಂಥದ್ದರಿಂದ ಏರಿಸಿದ ‘ದೇವದುರ್ಗ’ ಎಂಬ ಪಿಡಿಎಫ್‌ಗೆ ಫೋನಿನಲ್ಲಿ ಟೈಪ್ ಮಾಡಿದ ‘ದೇವದುರ್ಗ’ ಹೊಂದುವುದಿಲ್ಲ, 404 ಬರುತ್ತದೆ. ಎರಡೂ ವಿಳಾಸದಲ್ಲಿ ಪುಟ ತೆರೆಯುವಂತೆ ಮಾಡಿದರೂ ತಪ್ಪೇ, ಕೊಂಡಿಗಳು ಇಬ್ಭಾಗವಾಗುತ್ತವೆ. ಒಂಟಿ ಸಂಕೇತದ ರೂಪವನ್ನು ಅಸಲಿ ಎಂದು ಇಟ್ಟುಕೊಂಡು ಬಿಡಿಸಿದ ರೂಪದಿಂದ ಅದಕ್ಕೆ 301 ಹಾಕಬೇಕು. ರಾಯಚೂರಿಗೆ ಈ ತೊಡಕಿಲ್ಲ, ಅದರ ಯಾವ ಸ್ವರಚಿಹ್ನೆಯೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ಮಾನ್ವಿಗೂ ಇಲ್ಲ, ಅಲ್ಲಿ ಬೇರೆ ಕೆಲಸವಿದೆ: ಜನ ‘ಮಾನ್ವಿ’ ಎಂದೂ ಬರೆಯುತ್ತಾರೆ, ‘ಮಾನವಿ’ ಎಂದೂ ಬರೆಯುತ್ತಾರೆ. ಯಾವುದು ಸರಿ ಎಂಬ ವಾದಕ್ಕೆ ಇಳಿಯದೆ ಒಂದನ್ನು ಆರಿಸಿ ಇನ್ನೊಂದನ್ನು ಅದಕ್ಕೆ ತಿರುಗಿಸಿ. ವಿಕಿಪೀಡಿಯದಲ್ಲಿ ಇಂಥ ಹೆಸರುಗಳಿಗೆ ಪುನರ್ನಿರ್ದೇಶನ ಪುಟಗಳಿರುತ್ತವೆ. ಅವು ನಿಜವಾದ 301 ಅಲ್ಲ, ಪುಟವನ್ನು ಅಲ್ಲೇ ತೋರಿಸಿ ಅಸಲಿ ವಿಳಾಸ ಯಾವುದೆಂದು ಒಳಗಿನ ಒಂದು ಸಾಲಿನಲ್ಲಿ ಸೂಚಿಸುತ್ತವೆ. ಸರ್ಚ್ ಎಂಜಿನ್‌ಗಳು ಆ ಸೂಚನೆಗೂ ಬೆಲೆ ಕೊಡುತ್ತವೆ.

ಹಳೆಯ ತಾಣಗಳಲ್ಲಿ ರೀಡೈರೆಕ್ಟುಗಳ ಸರಪಳಿಯೇ ಬೆಳೆದಿರುತ್ತದೆ. ಭದ್ರತೆಯಿಲ್ಲದ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ, ಅಲ್ಲಿಂದ ಮೂರು ಡಬ್ಲ್ಯು ಇಲ್ಲದ್ದಕ್ಕೆ, ಅಲ್ಲಿಂದ ಹೊಸ ಡೊಮೈನಿಗೆ, ಅಲ್ಲಿಂದ ಪುಟಕ್ಕೆ. ಗೂಗಲ್‌ನ ಬಾಟ್ ಹತ್ತು ನೆಗೆತದವರೆಗೆ ಹಿಂಬಾಲಿಸುತ್ತದೆ. ಸಿಗ್ನಲ್ ಬಂದುಹೋಗುವ ಹಳ್ಳಿಯೊಂದರಲ್ಲಿ ಕುಳಿತು ಫೋನ್ ಹಿಡಿದವರು ಅಷ್ಟು ಕಾಯುವುದಿಲ್ಲ, ಒಂದೊಂದು ನೆಗೆತಕ್ಕೂ ಫೋನು ಸರ್ವರಿಗೆ ಹೋಗಿ ಬರಬೇಕು. ಮೊದಲ ವಿಳಾಸದಿಂದಲೇ ಕೊನೆಯ ಪುಟಕ್ಕೆ ನೇರ ಹಾಕಿ.

ರೀಡೈರೆಕ್ಟ್ ಬದುಕಿರುವುದು ಹಳೆಯ ಡೊಮೈನ್ ನಿಮ್ಮ ಕೈಯಲ್ಲಿರುವ ತನಕ ಮಾತ್ರ. ಇದನ್ನು ಕನ್ನಡದ ಬ್ಲಾಗಿಗರು ಕಂಡಿದ್ದಾರೆ. 2012ರಲ್ಲಿ ಗೂಗಲ್ ಭಾರತದ ಓದುಗರನ್ನು ‘ಬ್ಲಾಗ್‌ಸ್ಪಾಟ್ ಡಾಟ್ ಕಾಮ್’ನಿಂದ ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ಗೆ ತಿರುಗಿಸತೊಡಗಿತು. ಆರು ವರ್ಷ ನಾವೆಲ್ಲ ವಿಳಾಸಪಟ್ಟಿಯಲ್ಲಿ ಕಂಡದ್ದನ್ನೇ ನಕಲು ಮಾಡಿ ‘ಇನ್’ ಕೊಂಡಿಗಳನ್ನೇ ಹಂಚಿದೆವು. 2018ರಲ್ಲಿ ಆ ಪದ್ಧತಿ ನಿಂತಿತು. 2020ರಲ್ಲಿ ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ನೋಂದಣಿಯೇ ಗೂಗಲ್ ಕೈತಪ್ಪಿ ಬೇರೆಯವರ ಪಾಲಾಯಿತು. ಆ ಬಾಲವಿದ್ದ ಲಕ್ಷಾಂತರ ಕೊಂಡಿಗಳು ಒಟ್ಟಿಗೆ ಕೆಟ್ಟವು. ಬರಹಗಳು ‘ಕಾಮ್’ ವಿಳಾಸದಲ್ಲಿ ಕ್ಷೇಮವಾಗಿದ್ದವು, ದಾರಿ ತೋರಿಸುವವರಿರಲಿಲ್ಲ ಅಷ್ಟೇ. ನಿಮ್ಮ ತಾಣದಲ್ಲಿ ಇಂಥ ಹಳೆಯ ಕೊಂಡಿ ಉಳಿದಿದ್ದರೆ ಈಗಲೇ ‘ಇನ್’ ತೆಗೆದು ‘ಕಾಮ್’ ಮಾಡಿ. ಅದು ಆ ಬರಹಗಾರರಿಗೆ ನೀವು ಮಾಡುವ ಉಪಕಾರ. ಕೈಬಿಟ್ಟ ಡೊಮೈನುಗಳನ್ನು ಅವುಗಳ ಹಳೆಯ ಕೊಂಡಿಗಳ ಆಸೆಗೆ ಕೊಂಡು ಬೇಡದ ಸರಕು ತುಂಬುವವರಿದ್ದಾರೆ, 2024ರ ಮಾರ್ಚಿನಲ್ಲಿ ಗೂಗಲ್ ಅದನ್ನು ಸ್ಪ್ಯಾಮ್ ಎಂದೇ ಸಾರಿತು. ರೀಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ ಎನ್ನುವುದು ಗೂಗಲ್ ಸಲಹೆ. ನನ್ನ ಸಲಹೆ ಬೇರೆ: ಹಳೆಯ ಡೊಮೈನಿನ ವರ್ಷದ ಶುಲ್ಕ ಕಟ್ಟಲು ಆಗುವ ತನಕ ಇಡಿ.

ಹೊಸದಾಗಿ ಜಿಲ್ಲೆಯ ಊರುಗಳ ಬಗ್ಗೆ ತಾಣ ಕಟ್ಟಲು ಹೊರಟವರಿಗೆ ಒಂದು ಮಾತು. ಸಹಜವಾಗಿ ಜಿಲ್ಲೆ, ಅದರೊಳಗೆ ತಾಲ್ಲೂಕು, ಅದರೊಳಗೆ ಊರು ಎಂದು ವಿಳಾಸ ಜೋಡಿಸುತ್ತೀರಿ. ನೋಡಲು ಅಚ್ಚುಕಟ್ಟು. ಆದರೆ 1997ರವರೆಗೆ ಕೊಪ್ಪಳವೂ ರಾಯಚೂರು ಜಿಲ್ಲೆಯಲ್ಲಿತ್ತು. ಮಾನ್ವಿಯ ಅಡಿಯಲ್ಲಿದ್ದ ಸಿರವಾರ ಈಗ ತಾನೇ ತಾಲ್ಲೂಕು, ದೇವದುರ್ಗದ ಅಡಿಯಲ್ಲಿದ್ದ ಅರಕೇರಾ ಕೂಡ. ‘ಮಾನ್ವಿ’ಯ ಕೆಳಗೆ ‘ಕವಿತಾಳ’ ಎಂದು ಇಟ್ಟ ಪುಟವನ್ನು ‘ಸಿರವಾರ’ದ ಕೆಳಗೆ ಒಯ್ಯಬೇಕಾಗುತ್ತದೆ, ಅದರ ಹಿಂದೆ ಸುತ್ತಲಿನ ಹಳ್ಳಿಗಳದ್ದೆಲ್ಲ. ತಾಲ್ಲೂಕನ್ನು ಪುಟದ ಒಳಗೆ ಬರೆಯಿರಿ, ಬೇಕೆಂದಾಗ ತಿದ್ದಬಹುದು. ವಿಳಾಸದಲ್ಲಿ ಡೊಮೈನಿನ ಮುಂದೆ ‘ಕವಿತಾಳ’ ಎಂದಷ್ಟೇ ಇದ್ದಿದ್ದರೆ ಸಿರವಾರ ತಾಲ್ಲೂಕಾದ ದಿನ ಒಂದು ರೀಡೈರೆಕ್ಟೂ ಬೇಕಾಗುತ್ತಿರಲಿಲ್ಲ.