ಜೆಪ್ರೋಬ್ ಕೇಳಿದ ಪ್ರಶ್ನೆ

ಲಿನಕ್ಸ್ ಕರ್ನಲ್ 2018ರಲ್ಲಿ ಫಂಕ್ಷನ್ ಕರೆಯ ಜಾಡು ಹಿಡಿಯುವ ಸೌಲಭ್ಯವಾದ ಜೆಪ್ರೋಬ್‌ನ ಕೋಡನ್ನು ಕಿತ್ತುಹಾಕಿದಾಗ ಮರುಗಿದವರು ಕಡಿಮೆ. ಬಳಸುವವರಿಲ್ಲ, ಸ್ಟ್ಯಾಕ್ ಜೊತೆ ಕೈಚಳಕ ಆಡುತ್ತದೆ, ಕರ್ನಲ್‌ನದೇ ಟ್ರೇಸರ್ ಆದ ಎಫ್‌ಟ್ರೇಸ್ ಬಂದ ಮೇಲೆ ಅದರಿಂದ ಕಲಿಯುವುದೂ ಏನಿಲ್ಲ ಎಂಬುದು ಅಂದಿನಿಂದ ಚಾಲ್ತಿಯಲ್ಲಿರುವ ತೀರ್ಪು. ಮೊದಲೆರಡು ಮಾತು ನಿಜವೇ. ಮೂರನೆಯದು ಸುಳ್ಳು. ಫಂಕ್ಷನ್ ಕರೆಯ ಜಾಡು ಹಿಡಿಯುವಾಗ ಪ್ರೊಸೆಸರ್‌ನ ರಿಜಿಸ್ಟರುಗಳಲ್ಲಿ ನಮಗೆ ಬೇಕಾದದ್ದು ಯಾವುದು ಎಂಬ ಪ್ರಶ್ನೆಯನ್ನು ಲಿನಕ್ಸ್‌ನಲ್ಲಿ ನೇರವಾಗಿ ಎತ್ತಿದ್ದು ಜೆಪ್ರೋಬ್. ಇಂದು ಹೊಗಳಿಸಿಕೊಳ್ಳುವ ತಂತ್ರಗಳು ಬಳಸುದಾರಿಯಲ್ಲಿ ಅಲ್ಲಿಗೇ ಬಂದು ನಿಂತಿವೆ.

ಜೆಪ್ರೋಬ್‌ಗೆ ತಳಹದಿಯಾದ ಕೆಪ್ರೋಬ್ಸ್ ಕಥೆ ಬಲ್ಲವರಿಗೆ ವಿವರ ಬೇಡ. 2002ರಲ್ಲಿ ಐಬಿಎಂನ ವಂಶಿ ಕೃಷ್ಣ ಆರಂಭಿಸಿದರು, ಪ್ರಸನ್ನ ಪಂಚಮುಖಿ, ಅನಂತ್ ಮಾವಿನಕಾಯನಹಳ್ಳಿ ಮೊದಲಾದವರು ಬೆಂಗಳೂರಿನಿಂದ ಬೆಳೆಸಿದರು, 2004ರಲ್ಲಿ 2.6.9ನೇ ಆವೃತ್ತಿಗೆ ಸೇರಿತು. ಅದೇ ವರ್ಷ ಜುಲೈನಲ್ಲಿ ಸುಪರ್ಣಾ ಭಟ್ಟಾಚಾರ್ಯ ಜೆಪ್ರೋಬ್ ಜೋಡಿಸಿದರು. ಫಂಕ್ಷನ್‌ನ ಆರ್ಗ್ಯುಮೆಂಟುಗಳನ್ನು ಓದುವುದಕ್ಕಾಗಿ ಎಂದು ಉದ್ದೇಶವನ್ನು ಮೂಲ ಕಡತದ ತಲೆಬರಹದ ಟಿಪ್ಪಣಿಯಲ್ಲೇ ಬರೆದಿದ್ದಾರೆ. ರಿಜಿಸ್ಟರುಗಳನ್ನು ಓದುವುದಕ್ಕಾಗಿ ಎಂದು ಬರೆದಿಲ್ಲ. ಈ ಹೆಸರುಗಳ ಬಗ್ಗೆ ಹೆಮ್ಮೆಪಡುವವರು ನಮ್ಮಲ್ಲಿದ್ದಾರೆ. ಕೋಡ್ ತೆರೆದು ನೋಡಿದವರು ವಿರಳ.

ತೆರೆದು ನೋಡೋಣ. 4.14ರ ಮೂಲದಲ್ಲಿ, ಎಕ್ಸ್86ರ ಕೆಪ್ರೋಬ್ಸ್ ಕಡತದಲ್ಲಿ ಸೆಟ್‌ಜಂಪ್ ಪ್ರೀ-ಹ್ಯಾಂಡ್ಲರ್ ಎಂಬ ಚಿಕ್ಕ ಫಂಕ್ಷನ್ ಇದೆ. ಜಾಡು ಹಿಡಿಯಬೇಕಾದ ಫಂಕ್ಷನ್‌ನ ಮೊದಲ ಬೈಟಿನ ಜಾಗದಲ್ಲಿ ಇಂಟ್-3 ಸೂಚನೆ ಕೂತಿರುತ್ತದೆ. ಪ್ರೊಸೆಸರ್ ಅದನ್ನು ಮುಟ್ಟಿದ ಕೂಡಲೇ ಎಕ್ಸೆಪ್ಶನ್ ಏಳುತ್ತದೆ, ರಿಜಿಸ್ಟರುಗಳೆಲ್ಲ ಪಿಟಿ_ರೆಗ್ಸ್ ಎಂಬ ರಚನೆಗೆ ಇಳಿಯುತ್ತವೆ. 64-ಬಿಟ್‌ನಲ್ಲಿ ಅದು 21 ಪದ, 168 ಬೈಟ್. ಜೆಪ್ರೋಬ್ ಈ ಕಟ್ಟಿನ ಒಂದು ಪ್ರತಿಯನ್ನು ಎತ್ತಿಡುತ್ತದೆ, ಸ್ಟ್ಯಾಕಿನ ತುದಿಯಿಂದ ಹೆಚ್ಚೆಂದರೆ 64 ಬೈಟ್ ನಕಲು ಮಾಡಿಕೊಳ್ಳುತ್ತದೆ, ಇಂಟರಪ್ಟ್ ಧ್ವಜ ಇಳಿಸುತ್ತದೆ, ಮತ್ತು ಉಳಿದಿದ್ದನ್ನು ಮುಟ್ಟದೆ ಐಪಿ ಒಂದನ್ನೇ ಹ್ಯಾಂಡ್ಲರ್‌ನ ವಿಳಾಸಕ್ಕೆ ತಿರುಗಿಸುತ್ತದೆ. ಎಕ್ಸೆಪ್ಶನ್‌ನಿಂದ ಮರಳಿದ ಪ್ರೊಸೆಸರ್ ಹ್ಯಾಂಡ್ಲರ್‌ಗೆ ಬಂದಿಳಿಯುವಾಗ ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್ ಎಲ್ಲವೂ ಕರೆದವನು ಇಟ್ಟಂತೆಯೇ ಇವೆ. ಹಾಗಾಗಿ ಹ್ಯಾಂಡ್ಲರ್ ಅದೇ ಆರ್ಗ್ಯುಮೆಂಟುಗಳ ಸಾಮಾನ್ಯ ಸಿ ಫಂಕ್ಷನ್. ಅದನ್ನು ಬರೆಯುವವನು ರಿಜಿಸ್ಟರಿನ ಹೆಸರನ್ನೇ ಎತ್ತಬೇಕಿಲ್ಲ. ಸ್ಟೀಫನ್ ಹೆಮಿಂಗರ್ ಅವರ ಟಿಸಿಪಿ ಪ್ರೋಬ್ ಮಾಡ್ಯೂಲ್ ವರ್ಷಗಟ್ಟಲೆ ನಡೆದದ್ದು ಈ ಸೌಲಭ್ಯದ ಮೇಲೆಯೇ.

ಇಲ್ಲಿ ಎರಡು ಬೇರೆ ಕೆಲಸಗಳಿವೆ, ಟೀಕಾಕಾರರು ಇವನ್ನು ಒಂದೇ ಎಂದು ಓದುತ್ತಾರೆ. ಪೂರ್ತಿ ರಿಜಿಸ್ಟರುಗಳನ್ನು ಎತ್ತಿಟ್ಟದ್ದು ಹಿಂದಿರುಗುವ ದಾರಿಗಾಗಿ. ಹ್ಯಾಂಡ್ಲರ್ ಸಹಜವಾಗಿ ಮರಳುವುದಿಲ್ಲ; ಕೊನೆಗೆ ಜೆಪ್ರೋಬ್_ರಿಟರ್ನ್ ಕರೆದು, ಇನ್ನೊಂದು ಇಂಟ್-3 ಹೊಡೆದು ಹಳೆಯ ಸ್ಥಿತಿಗೆ ಜಿಗಿಯುತ್ತದೆ. ಬಳಕೆದಾರನಿಗೆ ಕಾಣಿಸಿದ್ದು ಮಾತ್ರ ಆರ್ಗ್ಯುಮೆಂಟುಗಳನ್ನಷ್ಟೇ. 64 ಬೈಟ್ ನಕಲು ಹಾಕಿದ್ದು ಕಂಪೈಲರ್ ಭಯದಿಂದ: ಆರ್ಗ್ಯುಮೆಂಟಿನ ಸ್ಟ್ಯಾಕ್ ಜಾಗ ಕರೆಸಿಕೊಂಡವನ ಸ್ವತ್ತು ಎಂದು ಜಿಸಿಸಿ ಭಾವಿಸುತ್ತದೆ, ಹ್ಯಾಂಡ್ಲರ್ ಅದರ ಮೇಲೆ ಏನಾದರೂ ಬರೆದರೆ ಮೂಲ ಫಂಕ್ಷನ್ ಕೆಡುತ್ತದೆ. ಲೈನಸ್ ಎಚ್ಚರಿಸಿದ್ದನ್ನು ಕೋಡಿನ ಟಿಪ್ಪಣಿಯೇ ನೆನೆಯುತ್ತದೆ. ಆ ಅಳತೆ ಬರೀ ಅಂದಾಜು, ನಾನೂ ಅದನ್ನು ಸಮರ್ಥಿಸಲಾರೆ. ಹಿಂದಿರುಗುವ ಜಿಗಿತ ಫಂಕ್ಷನ್-ಗ್ರಾಫ್ ಟ್ರೇಸರ್‌ನ ಲೆಕ್ಕ ಕೆಡಿಸುತ್ತಿತ್ತು ಎಂಬುದೂ ಸತ್ಯ. 2015ರಲ್ಲಿ ಸ್ಟೀವನ್ ರಾಸ್ಟೆಟ್ ಅದಕ್ಕೆ ತೇಪೆ ಹಾಕಬೇಕಾಯಿತು.

ನನ್ನ ನಿಜವಾದ ತಕರಾರು ಎಲ್ಲವನ್ನೂ ಉಳಿಸುವುದೇ ಸುರಕ್ಷಿತ ಎನ್ನುವವರ ಜೊತೆ. ಆ ನಂಬಿಕೆ ತರಗತಿಯಲ್ಲೇ ಬೇರು ಬಿಡುತ್ತದೆ. ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದರೆ ಉದ್ಯಮಬಾಗ, ಮುಂದೆ ಮಚ್ಛೆ, ಅಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣ ಜ್ಞಾನಸಂಗಮ. ಆ ವಿಶ್ವವಿದ್ಯಾಲಯದ 2018ರ ಸ್ಕೀಮಿನಲ್ಲಿ ಆಪರೇಟಿಂಗ್ ಸಿಸ್ಟಮ್ಸ್‌ಗೆ ನಿಗದಿಯಾದದ್ದು ಸಿಲ್ಬರ್‌ಶಾಟ್ಸ್, ಗಾಲ್ವಿನ್, ಗ್ಯಾನ್ ಅವರ ಪುಸ್ತಕ. ಅದರಲ್ಲಿ ರಿಜಿಸ್ಟರುಗಳು ವಿದ್ಯಾರ್ಥಿಗೆ ಎದುರಾಗುವುದು ಕಾಂಟೆಕ್ಸ್ಟ್ ಸ್ವಿಚ್ ಚಿತ್ರದಲ್ಲಿ: ಒಂದು ಪ್ರೋಸೆಸ್‌ನ ಸ್ಥಿತಿಯನ್ನು ಅದರ ಪಿಸಿಬಿಗೆ (ಪ್ರೋಸೆಸ್ ಕಂಟ್ರೋಲ್ ಬ್ಲಾಕ್) ಉಳಿಸು, ಇನ್ನೊಂದರದ್ದನ್ನು ತುಂಬು. ಚಿತ್ರ ತಪ್ಪಲ್ಲ. ಆದರೆ ಖಾನಾಪುರದಿಂದ ಬಸ್ಸು ಹಿಡಿದು ಬರುವ ಹುಡುಗಿಗೆ ಅದೊಂದನ್ನೇ ಕೊಟ್ಟರೆ ಆಕೆ ಫಂಕ್ಷನ್ ಕರೆಯನ್ನೂ ಅದೇ ಕಣ್ಣಿಂದ ನೋಡುತ್ತಾಳೆ. ಕರೆ ಎಂದರೆ ಒಪ್ಪಂದ. ಎಕ್ಸ್86-64ರಲ್ಲಿ ಒಂಬತ್ತು ರಿಜಿಸ್ಟರುಗಳ ಆಸೆಯನ್ನು ಕರೆಯುವವನು ಆಗಲೇ ಬಿಟ್ಟಿರುತ್ತಾನೆ. ಅವುಗಳಲ್ಲಿ ಆರು ಆರ್ಗ್ಯುಮೆಂಟು ಹೊತ್ತು ಬರುತ್ತವೆ. ಆರ್‌ಬಿಎಕ್ಸ್, ಆರ್12ರಂಥವನ್ನು ಯಾವ ಸಿ ಫಂಕ್ಷನ್ ಆದರೂ ಕಾಪಾಡಿಯೇ ಮರಳುತ್ತದೆ. ಪ್ರವೇಶದ ಬಾಗಿಲಲ್ಲಿ 168 ಬೈಟ್ ತುಂಬುವುದು ಪ್ರತಿ ಕರೆಗೂ ತೆರುವ ದಂಡ. ಫಂಕ್ಷನ್‌ನ ನಡುವೆ ಎಲ್ಲೋ ಪ್ರೋಬ್ ನೆಡುವವರಿಗೆ ಪೂರ್ತಿ ಕಟ್ಟು ಬೇಕು, ಒಪ್ಪಿದೆ.

ದಂಡಕ್ಕಿಂತ ಕೆಟ್ಟದ್ದು ಸುಳ್ಳು. ಎಕ್ಸೆಪ್ಶನ್ ಇಲ್ಲದೆ ಆರ್ಮ್64ರಲ್ಲಿ ಪ್ರೊಸೆಸರ್‌ನ ಸ್ಥಿತಿಯಾದ ಪಿಸ್ಟೇಟ್ ಅನ್ನು ಸಾಚಾ ಆಗಿ ಹಿಡಿಯಲಾಗದು. ಆದರೂ ಪಿಟಿ_ರೆಗ್ಸ್ ಕೈಗಿತ್ತರೆ ಓದುವವನು ಅದನ್ನು ನಂಬುತ್ತಾನೆ. ಕರ್ನಲ್ ಡೆವಲಪರ್ ಮಾರ್ಕ್ ರಟ್‌ಲೆಂಡ್ ಈ ಸೋಗನ್ನೇ ತೆಗೆದರು. 2023ರ 6.2ರಿಂದ ಅಲ್ಲಿ ಎಫ್‌ಟ್ರೇಸ್ ಉಳಿಸುವುದು ಎಕ್ಸ್0ರಿಂದ ಎಕ್ಸ್8, ಜೊತೆಗೆ ಎಫ್‌ಪಿ, ಎಲ್‌ಆರ್, ಎಸ್‌ಪಿ, ಪಿಸಿ. ಎಕ್ಸ್86ರಲ್ಲಿ 5.11ರಿಂದ ಬಂದ ಎಫ್‌ಟ್ರೇಸ್_ರೆಗ್ಸ್ ಇನ್ನೂ ಹಳೆಯ ಪಿಟಿ_ರೆಗ್ಸ್ ಪೆಟ್ಟಿಗೆಯನ್ನೇ ಬಳಸಿತು, ಆದರೆ ಸಿಎಸ್ ಜಾಗದಲ್ಲಿ ಸೊನ್ನೆ ಇಟ್ಟಿತು. ಸೊನ್ನೆ ಕಂಡರೆ ಪೂರ್ತಿ ರಿಜಿಸ್ಟರು ಕೇಳಿದವನಿಗೆ ಖಾಲಿ ಪಾಯಿಂಟರ್. ಅರೆಬರೆ ತುಂಬಿದ್ದನ್ನು ಪೂರ್ತಿ ಎಂದು ತೋರಿಸದ ಈ ನಿಷ್ಠುರತೆ ನನಗೆ ತುಂಬ ಇಷ್ಟ.

2020ರ ಜನವರಿಯ 5.5ರಲ್ಲಿ ಬಂದ ಬಿಪಿಎಫ್ ಟ್ರ್ಯಾಂಪೊಲೀನ್ ಇನ್ನೂ ಮುಂದೆ ಹೋಗಿ, ಫಂಕ್ಷನ್‌ಗೆ ಎಷ್ಟು ಆರ್ಗ್ಯುಮೆಂಟೋ ಅಷ್ಟನ್ನೇ ಎತ್ತಿಡುತ್ತದೆ, ಹ್ಯಾಂಡ್ಲರ್‌ಗೆ ಅವನ್ನು ಅವುಗಳ ಟೈಪ್ ಸಮೇತ ಕೊಡುತ್ತದೆ. ಸುಪರ್ಣಾ ಅವರ ಉದ್ದೇಶವೂ ಇದೇ ಆಗಿತ್ತು. ಆಗ ಇಲ್ಲದಿದ್ದದ್ದು ಪರಿಶೀಲನೆ. ಜೆಪ್ರೋಬ್‌ನಲ್ಲಿ ಹ್ಯಾಂಡ್ಲರ್‌ನ ವಿಳಾಸ ಬರೀ ವಾಯ್ಡ್ ಪಾಯಿಂಟರ್. ಆರ್ಗ್ಯುಮೆಂಟುಗಳ ಕ್ರಮ ತಪ್ಪಿ ಬರೆದರೂ ಕಂಪೈಲರ್ ಬಾಯಿ ಬಿಡುತ್ತಿರಲಿಲ್ಲ, ಕೊನೆಯ ಜೆಪ್ರೋಬ್_ರಿಟರ್ನ್ ಮರೆತರೂ ತಡೆಯುವವರಿರಲಿಲ್ಲ. ಇಂದು ಬಿಟಿಎಫ್ ಎಂಬ ಟೈಪ್ ಮಾಹಿತಿ ಹಿಡಿದು ಬಿಪಿಎಫ್‌ನ ವೆರಿಫೈಯರ್ ಆ ಕೆಲಸ ಮಾಡುತ್ತದೆ. ಜೆಪ್ರೋಬ್ ಸೋತದ್ದು ಈ ಒಂದು ಕೊರತೆಗೆ ಮತ್ತು ಆ 64 ಬೈಟಿನ ಅಂದಾಜಿಗೆ. ಆರ್ಗ್ಯುಮೆಂಟುಗಳನ್ನೇ ಬಯಸಿದ್ದಕ್ಕಲ್ಲ. ಆ ಆಪರೇಟಿಂಗ್ ಸಿಸ್ಟಮ್ಸ್ ಪಠ್ಯಕ್ರಮದ ಐದನೇ ಮಾಡ್ಯೂಲಿನಲ್ಲಿ ಲಿನಕ್ಸ್ ಕೇಸ್ ಸ್ಟಡಿ ಎಂದು ಇತಿಹಾಸ, ವಿನ್ಯಾಸ ತತ್ವಗಳನ್ನು ಓದಿಸುವವರು 4.14ರ ಈ ಕಡತವನ್ನೂ ಒಂದು ತಾಸು ಓದಿಸಬೇಕು, ಅದರ ಪಕ್ಕದಲ್ಲಿ 6.2ರ ಆರ್ಮ್64 ಎಫ್‌ಟ್ರೇಸ್ ಕಡತವನ್ನು ಇಟ್ಟು.