ಇಚ್ಚಿತ್ತವೆಂಬ ಪದದ ಅರ್ಥವಿಚಾರ

ಸ್ಕಿಜೋಫ್ರೀನಿಯಾ ಎಂಬ ವ್ಯಾಧಿನಾಮಕ್ಕೆ ಕನ್ನಡದಲ್ಲಿ ಛಿದ್ರಮನಸ್ಕತೆ, ಇಚ್ಚಿತ್ತವಿಕಲತೆ ಎಂಬ ಪದಗಳು ಬಳಕೆಗೆ ಬಂದಿವೆ. ಗ್ರೀಕ್ ಮೂಲದ ಅಕ್ಷರಾರ್ಥವಾದ ‘ಸೀಳಿದ ಮನಸ್ಸು’ ಎಂಬುದನ್ನೇ ಎರಡೂ ಅನುಸರಿಸಿವೆ. ‘ಇರ್’ ಎಂಬ ದೇಶ್ಯಕ್ಕೆ ಚಿತ್ತವೆಂಬ ತತ್ಸಮವು ಸೇರಿತೆಂದು ಅರಿಸಮಾಸದ ಚರ್ಚೆಯನ್ನೆತ್ತುವುದು ಇಲ್ಲಿ ಅನಾವಶ್ಯಕ. ದೋಷವಿರುವುದು ಅರ್ಥದಲ್ಲಿ.

1908ರಲ್ಲಿ ಈ ಹೆಸರನ್ನಿಟ್ಟ ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರನ ಅಭಿಪ್ರಾಯವು ಒಬ್ಬನಲ್ಲಿ ಇಬ್ಬರು ನೆಲಸಿರುವರೆಂಬುದಲ್ಲ. ವಿಚಾರಗಳನ್ನು ಒಂದಕ್ಕೊಂದು ಪೋಣಿಸುವ ಸೂತ್ರವು ಸಡಿಲವಾಯಿತೆಂಬುದು. ಆದರೆ ಇಚ್ಚಿತ್ತವೆಂದೊಡನೆ ಓದುಗನಿಗೆ ತೋರುವುದು ಮೊದಲನೆಯ ಅರ್ಥವೇ. ಅವಧಾನ, ಸ್ಮೃತಿ, ಗ್ರಹಣವೇಗ ಇವುಗಳ ಕುಂದು ಈ ವ್ಯಾಧಿಯ ಮುಖ್ಯಾಂಗವೆಂಬುದು ಇದರಿಂದ ಮರೆಯಾಗುತ್ತದೆ. ಚರಕಸಂಹಿತೆಯ ನಿದಾನಸ್ಥಾನವು ಉನ್ಮಾದವನ್ನು ನಿರೂಪಿಸುವಾಗ ಬುದ್ಧಿ ಸ್ಮೃತಿಗಳ ವಿಭ್ರಮವನ್ನೂ ಶೀಲ ಆಚಾರಗಳ ವಿಭ್ರಮವನ್ನೂ ಒಂದೇ ಸಾಲಿನಲ್ಲಿ ಎಣಿಸಿದೆ. ಉನ್ಮಾದವೂ ಇಂದಿನ ಈ ವ್ಯಾಧಿಯೂ ಒಂದೇ ಎನ್ನುವುದು ಸಾಹಸವಾದೀತು. ಆ ದೃಷ್ಟಿಯು ಮಾತ್ರ ಗ್ರಾಹ್ಯವಾದುದು.

ಬಸವೇಶ್ವರನಗರದಲ್ಲಿ ಬಸ್ಸು ಹತ್ತಿ ಮೆಜೆಸ್ಟಿಕ್ಕಿಗೆ ಟಿಕೆಟು ಕೇಳುವುದನ್ನೇ ಪರ್ಯಾಲೋಚಿಸಬಹುದು. ಗದ್ದಲದೊಳಗಿಂದ ಕಂಡಕ್ಟರನ ಪ್ರಶ್ನೆಯನ್ನು ಬೇರ್ಪಡಿಸಿ ಕೇಳಬೇಕು, ಉತ್ತರ ಕೊಡುವವರೆಗೆ ಅದನ್ನು ಮರೆಯದಿರಬೇಕು, ಚಿಲ್ಲರೆಯನ್ನು ಎಣಿಸಬೇಕು, ಆತನ ಮುಖದಲ್ಲಿರುವುದು ಅವಸರವೋ ಕೋಪವೋ ಎಂದು ಊಹಿಸಬೇಕು. ಇವುಗಳಲ್ಲೊಂದು ತಡವಾದರೂ ಮಾತು ತೊಡರುತ್ತದೆ. ಸುತ್ತಲಿನವರು ಅದನ್ನು ಸೊಕ್ಕೆಂದೋ ಸೋಮಾರಿತನವೆಂದೋ ಬಗೆಯುತ್ತಾರೆ. ಮನೆಯವರೂ ಹಾಗೆಯೇ ಬಗೆದರೆ ರೋಗಿಯು ಹೊರಗೆ ಹೋಗುವುದನ್ನೇ ಬಿಟ್ಟುಬಿಡುವನು.

ಇಂತಹ ವ್ಯವಹಾರಗಳನ್ನು ಮಾಡಿ ತೋರಿಸಿ, ಮಾಡಿಸಿ, ತಿದ್ದಿ ಕಲಿಸುವ ಶಿಕ್ಷಣಕ್ರಮವುಂಟು. ಅದುವರೆಗಿನ ಸಂಶೋಧನೆಗಳನ್ನು 1996ರಲ್ಲಿ ವಿಮರ್ಶಿಸಿದ ಅಮೆರಿಕದ ಮೈಕೆಲ್ ಗ್ರೀನರು, ಈ ಕಲಿಕೆಗೆ ಸಂಬಂಧಪಟ್ಟವು ಭ್ರಮೆಗಳ ಪ್ರಾಬಲ್ಯಕ್ಕಿಂತ ಶಬ್ದಸ್ಮೃತಿ ಮತ್ತು ಅವಧಾನಗಳೆಂದು ತೋರಿಸಿದರು. ಆದುದರಿಂದ ಭ್ರಮೆಯಡಗಿತೆಂದು ಪಾಠವನ್ನು ಒಮ್ಮೆಗೇ ಹೇರಿದರೆ ಅದು ನಿಲ್ಲದು. ಹಿಂದಿನ ಸಂಥೆಯು ಕಂಠಸ್ಥವಾಗದೆ ಮುಂದಿನದನ್ನು ಕೊಡದ ವೇದಪಾಠದ ಪದ್ಧತಿಯೇ ಇಲ್ಲಿಗೂ ಸಲ್ಲುವುದು: ಚಿಕ್ಕ ತುಂಡುಗಳು, ಬಹಳ ಆವೃತ್ತಿ, ಬರೆದಿಟ್ಟ ಚೀಟಿಯ ಸಹಾಯ. ಪಾಠಶಾಲೆಯ ಬೆತ್ತವೊಂದು ಮಾತ್ರ ವರ್ಜ್ಯ.

2002ರಲ್ಲಿ ಜಪಾನಿನ ಮನೋವೈದ್ಯರು ‘ಮನಸ್ಸು ಸೀಳಿದ ರೋಗ’ವೆಂಬರ್ಥದ ಹಳೆಯ ಹೆಸರನ್ನು ತೊರೆದು ‘ಸಮನ್ವಯ ತಪ್ಪಿದ ಸ್ಥಿತಿ’ಯೆಂಬರ್ಥದ ಹೆಸರನ್ನು ಅಂಗೀಕರಿಸಿದರು. ಕನ್ನಡಕ್ಕೆ ‘ಚಿತ್ತಶೈಥಿಲ್ಯ’ವು ಹೊಂದಬಹುದೆಂದು ತೋರುತ್ತದೆ; ಆದರೆ ಶಿಥಿಲವೆಂದರೆ ಪಾಳುಬಿದ್ದುದೆಂಬರ್ಥವೂ ರೂಢವಾಗಿರುವುದರಿಂದ ಅದೂ ನಿರ್ದುಷ್ಟವಲ್ಲ. ಯೋಗ್ಯವಾದ ಪದವು ದೊರೆಯುವವರೆಗೆ ಪಠ್ಯಪುಸ್ತಕಗಳಲ್ಲಿ ಸ್ಕಿಜೋಫ್ರೀನಿಯಾ ಎಂದೇ ಬರೆದು ಅರ್ಥವನ್ನು ವಿವರಿಸುವುದು ಲೇಸು.